‘ಬರಬೇಡ’ ಅಂದ ತಾಯಿ

ಮನೆಯವರು ಯಾರೋ ಬೈಕ್ ಹತ್ತಿ ದೂರ ಹೊರಟರು ಅಂದುಕೊಳ್ಳಿ. ಆಮೇಲೆ ನಾವು ಮಾಡುವ ಮೊದಲ ಕೆಲಸ ಯಾವುದು? ಫೋನು. ಎಲ್ಲಿದ್ದೀಯ, ಯಾವಾಗ ಬರ್ತೀಯ, ಇನ್ನೂ ಎಷ್ಟು ದೂರ. ಆ ಕಡೆಯ ಉತ್ತರವೂ ಒಂದೇ: ‘ಬಂದೆ, ಬಂದೆ, ಇನ್ನೇನು ಬಂದೇಬಿಟ್ಟೆ.’ ನಮ್ಮ ಮಾತಿನ ಚಂದ ನೋಡಿ. ಅರ್ಧ ದಾರಿಯೂ ಮುಗಿದಿರುವುದಿಲ್ಲ, ಆಗಲೇ ಬಂದಾಗಿರುತ್ತದೆ! ಈ ಒಂದು ಮಾತು ನಮ್ಮ ಬೀದಿಯಲ್ಲಿ ಏನು ಮಾಡಿತು ಅಂತ ಹೇಳುತ್ತೇನೆ, ಕೇಳಿ.

ನಮ್ಮದು ಬೈಕಿನ ಸೀಟು ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ನಾನು ರೆಕ್ಸಿನ್ ಕತ್ತರಿಸುತ್ತೇನೆ, ನಮ್ಮ ಯಜಮಾನರು ಸ್ಪಂಜು ಕೂರಿಸಿ ಹೊಲಿಯುತ್ತಾರೆ. ಸೀಟಿನ ಅಡಿಗೆ ಅಂಗಡಿಯ ಫೋನ್ ನಂಬರಿನ ಚೀಟಿ ಅಂಟಿಸುವುದು ನಮ್ಮತ್ತೆಯ ಕೆಲಸ. ಕಣ್ಣಿಗೆ ಪೊರೆ ಬಂದ ಮೇಲೆ ಅರ್ಧ ಚೀಟಿಗಳು ತಲೆಕೆಳಗಾಗಿ ಅಂಟುತ್ತಿದ್ದವು. ಆದರೂ ಆ ಕೆಲಸವನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

ದೇಶ ಸುತ್ತಲು ಹೊರಟವರಿಗೆಲ್ಲ ಸೀಟು ಹೊಲಿದು ಹೊಲಿದು ನಮ್ಮವರಿಗೂ ಒಂದು ಆಸೆ ಹುಟ್ಟಿತು. ನೆಲ ಮುಗಿದು ಸಮುದ್ರ ಶುರುವಾಗುವ ತುದಿಯನ್ನು ಒಂದು ಸಲ ನೋಡಬೇಕಂತೆ. ಎದುರುಮನೆಯ ವೆಲ್ಡಿಂಗ್ ಅಣ್ಣ ಜೊತೆಯಾದರು. ಇಬ್ಬರಿಗೂ ಒಂದೇ ಥರದ ಕಂದು ಸೀಟು ತಯಾರಾಯಿತು. ಗುರುತಿಗೆ ಇರಲಿ ಅಂತ ನಮ್ಮವರದಕ್ಕೆ ಕೆಂಪು ದಾರ, ಅಣ್ಣನದಕ್ಕೆ ಹಳದಿ ದಾರ.

ಎಂಥ ಸೀಟು ಅಂತೀರಿ! ಮೂರು ಪದರ ಸ್ಪಂಜು. ನಮ್ಮವರು ಅದನ್ನು ತಟ್ಟಿ ತಟ್ಟಿ ಜಂಬ ಕೊಚ್ಚಿಕೊಂಡರು. "ಇದರ ಮೇಲೆ ಒಂದ್ಸಲ ಕೂತ್ರೆ ಇಳಿಯೋಕೆ ಮನಸ್ಸೇ ಬರಲ್ಲ. ದಿನವಿಡೀ ಓಡಿಸಬಹುದು."

ಆಗ ಅಂಗಡಿಯಲ್ಲಿ ಬಸ್ಸಕ್ಕ ಇದ್ದಳು. ಶಾಲೆಯ ಬಸ್ ಓಡಿಸುವ ಅವಳನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಅದಕ್ಕೂ ಮುಂಚೆ ದೂರದೂರಿನ ಬಸ್ಸುಗಳನ್ನೂ ಓಡಿಸಿದವಳು. ಅಂಗೈ ಊರಿ ಸೀಟು ಒತ್ತಿ ನೋಡಿದಳು. "ಇದು ಸೀಟಲ್ಲ ಮಾರಾಯ, ಹಾಸಿಗೆ. ಗಟ್ಟಿ ಸೀಟಾದ್ರೆ ಸೊಂಟ ನೋಯುತ್ತೆ, ಆಗಾಗ ಇಳೀತೀಯ. ಇದು ನಿನ್ನ ಇಳಿಯೋಕೇ ಬಿಡಲ್ಲ" ಅಂದಳು.

"ಬಸ್ ಓಡಿಸೋರಿಗೆ ಬೈಕಿನ ವಿಷಯ ಏನ್ ಗೊತ್ತು, ಬಿಡಿ" ಅಂತ ಅತ್ತೆ ಮೂಗು ಮುರಿದರು.

ಹೋಗುವಾಗಿನ ಫೋನುಗಳೆಲ್ಲ ಚೆನ್ನಾಗಿದ್ದವು. ಗುಡ್ಡದ ಮೇಲೆ ಉಸಿರು ಸಿಗದೆ ಬೈಕೂ ಏದುಸಿರು ಬಿಟ್ಟಿತು ಅಂದರು. ಭಾಷೆ ಬರದ ಊರಲ್ಲಿ ಪಂಕ್ಚರ್ ಹಾಕುವವನ ಮನೆಯಲ್ಲೇ ಮಲಗಿದೆವು, ಅವನ ಮಾತು ನಮಗೆ ತಿಳಿಯಲಿಲ್ಲ, ನಮ್ಮ ಮಾತು ಅವನಿಗೆ ತಿಳಿಯಲಿಲ್ಲ, ಆದರೂ ನಕ್ಕು ನಕ್ಕು ಸಾಕಾಯಿತು ಅಂದರು. ಸಮುದ್ರದ ಮುಂದೆ ನಿಂತು ಫೋನನ್ನು ಅಲೆಗಳ ಕಡೆ ಹಿಡಿದರು. ಅತ್ತೆ ಆ ಸದ್ದು ಕೇಳಿ ಕಣ್ಣೊರೆಸಿಕೊಂಡರು.

ತೊಂದರೆ ಶುರುವಾದದ್ದು ವಾಪಸು ಬರುವಾಗ. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯವರು ಇದ್ದಕ್ಕಿದ್ದಂತೆ ದಿನ ಕೊಟ್ಟರು. ಅತ್ತೆ ಮಗನಿಗೆ ಫೋನು ಹಚ್ಚಿದರು. "ಡಾಕ್ಟ್ರು ಚಾಕು ಹಿಡ್ಕೊಂಡು ಬರೋವಾಗ ನೀನು ಪಕ್ಕದಲ್ಲಿ ಇರ್ಬೇಕು. ನಿನ್ನ ಮುಖ ನೋಡದೆ ನಾನು ಆ ಮಂಚ ಹತ್ತಲ್ಲ, ನೋಡು!"

"ಬಂದೆ ಕಣಮ್ಮ" ಅಂದರು ಮಗ.

ಅಲ್ಲಿಂದ ಅವರ ಫೋನುಗಳು ಚಿಕ್ಕವಾದವು. ಸರಿಯಾಗಿ ಮಲಗಲಿಲ್ಲ ಅಂತ ಧ್ವನಿಯೇ ಹೇಳುತ್ತಿತ್ತು. ನನಗೆ ಭಯವಾಗುತ್ತಿತ್ತು. ಅತ್ತೆಯ ಎದುರು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ‘ಬಿಡ್ತು ಅನ್ನು’ ಅಂತ ಬೈಸಿಕೊಳ್ಳಬೇಕಿತ್ತು.

ಆಪರೇಷನ್ನಿನ ಹಿಂದಿನ ದಿನ, ಮಧ್ಯಾಹ್ನ ಊಟ ಮುಗಿದ ಹೊತ್ತು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಸ್ಸಕ್ಕ ತನ್ನ ಬಸ್ಸಿನ ಹರಿದ ಸೀಟು ತಂದು ಬೆಂಚಿನ ಮೇಲೆ ಇಟ್ಟಿದ್ದಳು. ಆಗಲೇ ನಮ್ಮವರ ಫೋನು ಬಂತು. ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರಂತೆ. ನಾನು ಸ್ಪೀಕರ್ ಒತ್ತಿದೆ.

"ಎಲ್ಲಿದ್ದೀಯಪ್ಪ?" ಅಂದರು ಅತ್ತೆ.

"ಬಂದೆ... ಇನ್ನೇನು... ಬಂದೆ." ಮಾತಿನ ನಡುವೆ ದೊಡ್ಡ ಆಕಳಿಕೆ.

ಬಸ್ಸಕ್ಕ ಫೋನಿನ ಹತ್ತಿರ ಬಾಗಿದಳು. "ತಮ್ಮಾ, ಈಗಷ್ಟೇ ದಾಟಿದ ಊರು ಯಾವ್ದು?"

ಆ ಕಡೆ ಇನ್ನೊಂದು ಆಕಳಿಕೆ.

"ದೊಡ್ಡ ಊರೋ, ಚಿಕ್ಕ ಊರೋ? ಸೇತುವೆ ಬಂತಾ? ರೈಲ್ವೆ ಗೇಟು?"

"ಅದೂ... ಊರು ಬಂತಾ? ನೆನಪಾಗ್ತಿಲ್ಲ ಅಕ್ಕ. ರಸ್ತೆ ನೇರ ಇತ್ತು, ಬಂದ್ಬಿಟ್ಟೆ."

ಬಸ್ಸಕ್ಕನ ಮುಖ ಬಿಳುಚಿಕೊಂಡಿತು. ಅವಳು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ದಾಟಿದ ಊರು ನೆನಪಿಲ್ಲ ಅಂದ್ರೆ ನೀನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ಕೊಂಡು ಬಂದಿದ್ದೀಯ. ಇನ್ನು ಒಂದು ಅಡಿ ಮುಂದೆ ಹೋಗ್ಬೇಡ. ಅಲ್ಲೇ ನೆರಳಲ್ಲಿ ಮಲಗು" ಅಂದಳು.

"ಒಂದು ಟೀ ಕುಡಿದು ಮುಖ ತೊಳ್ಕೊಂಡ್ರೆ ಸರಿಹೋಗುತ್ತೆ ಅಕ್ಕ. ಅಮ್ಮ ಕಾಯ್ತಿದ್ದಾಳೆ."

"ಹೌದಲ್ವಾ, ಹಗಲು ಹೊತ್ತಲ್ಲಿ ಎಂಥ ನಿದ್ದೆ?" ಅಂದರು ಅತ್ತೆ. "ನನ್ನ ಮಗ ಅಂಗಡಿಯಲ್ಲಿ ಬೆಳಗಾಗೋವರೆಗೂ ಕೂತು ಹೊಲಿದವನು. ಅವನಿಗೆ ಇದೆಲ್ಲ ಯಾವ ಲೆಕ್ಕ?"

ಬಸ್ಸಕ್ಕ ಅತ್ತೆಯ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ಅಮ್ಮಾ, ಹೊಲಿಯೋವಾಗ ತೂಕಡಿಸಿದ್ರೆ ಸೂಜಿ ಬೆರಳಿಗೆ ಚುಚ್ಚುತ್ತೆ, ಎಚ್ಚರ ಆಗುತ್ತೆ. ರಸ್ತೇಲಿ ಎಚ್ಚರ ಮಾಡೋದು ಲಾರಿ. ಊಟ ಆದ್ಮೇಲಿನ ಈ ಹೊತ್ತು ರಾತ್ರಿಯಷ್ಟೇ ಕೆಟ್ಟದ್ದು. ಟೀ, ತಣ್ಣೀರು, ಹಾಡು, ಯಾವುದೂ ನಿದ್ದೆ ತೀರಿಸಲ್ಲ, ಒಂದಿಷ್ಟು ಮುಂದೆ ತಳ್ಳುತ್ತೆ ಅಷ್ಟೇ. ನಿದ್ದೆಗೆ ಔಷಧಿ ನಿದ್ದೆಯೊಂದೇ. ಅವನು ನನ್ನ ಮಾತು ಕೇಳಲ್ಲ, ಹೆಂಡತಿ ಮಾತೂ ಕೇಳಲ್ಲ. ಬರ್ತಿರೋದು ನಿಮಗೋಸ್ಕರ. ಬರಬೇಡ ಅಂತ ನೀವೇ ಹೇಳ್ಬೇಕು."

ಅತ್ತೆ ಕೈ ಕಿತ್ತುಕೊಂಡರು. "ಏನಂದೆ? ದಾರೀಲಿರೋ ಮಗನಿಗೆ ಬರಬೇಡ ಅನ್ನೋದಾ? ಹೊರಡೋರಿಗೆ ‘ಹೋಗು’ ಅಂತ್ಲೂ ಅಂದವಳಲ್ಲ ನಾನು, ‘ಹೋಗಿ ಬಾ’ ಅಂದವಳು. ಅಂಥ ಮಾತು ನನ್ನ ಬಾಯಲ್ಲಿ ಬರಲ್ಲ!"

"ನೀವು ಕಣ್ಣು ತೆರೆಸ್ಕೊಳ್ಳೋಕೆ ಅವನು ಕಣ್ಣು ಮುಚ್ಚಬೇಕಾ, ಅಮ್ಮಾ?"

ಅತ್ತೆ ಪೊರೆ ಕಟ್ಟಿದ ಕಣ್ಣಿಂದ ಫೋನನ್ನೇ ನೋಡಿದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮಗನೇ... ಬರಬೇಡ. ಇವತ್ತು ಬರಬೇಡ ಕಣೋ. ಅಲ್ಲೇ ಮಲಗು. ಡಾಕ್ಟ್ರ ಹತ್ರ ನಾನು ಸೊಸೆ ಜೊತೆ ಹೋಗ್ತೀನಿ."

ನಮ್ಮವರ ಧ್ವನಿ ಮಗುವಿನ ಧ್ವನಿಯ ಹಾಗೆ ಕೇಳಿಸಿತು. "ನಿಜವಾಗ್ಲೂ ಮಲಗ್ಲಾ ಅಮ್ಮ? ಸಾಕಾಗಿದೆ."

"ಮಲಗು. ಫೋನ್ ಆಫ್ ಮಾಡಿ ಮಲಗು, ಇಲ್ದಿದ್ರೆ ನಿಮ್ಮಮ್ಮ ಮತ್ತೆ ಎಬ್ಬಿಸ್ತಾರೆ" ಅಂದಳು ಬಸ್ಸಕ್ಕ. "ವೆಲ್ಡಿಂಗ್ ಅಣ್ಣನಿಗೂ ಹೇಳು."

ಫೋನು ಆಫ್ ಆಯಿತು. ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳುತ್ತಿದ್ದರು: "ಎಂಥ ಮಾತಾಡ್ಬಿಟ್ಟೆ. ನನ್ನ ನಾಲಿಗೆ ಬಿದ್ದುಹೋಗ." ನಾನು ರೆಕ್ಸಿನ್ ಕತ್ತರಿಸಲು ಕೂತೆ. ಗೆರೆ ಒಂದು ಕಡೆ, ಕತ್ತರಿ ಒಂದು ಕಡೆ ಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಎದುರುಮನೆಯವಳು ಬಂದಳು, ವೆಲ್ಡಿಂಗ್ ಅಣ್ಣನ ಹೆಂಡತಿ. "ಇವ್ರು ಫೋನ್ ಎತ್ತುತ್ತಿಲ್ಲ ಅಕ್ಕ. ಊಟಕ್ಕೆ ಮುಂಚೆ ‘ಬಂದೆ’ ಅಂದಿದ್ರು. ಮಗಳು ಅಪ್ಪ ಯಾವಾಗ ಬರ್ತಾನೆ ಅಂತ ಬಾಗಿಲಲ್ಲೇ ಕೂತಿದ್ದಾಳೆ" ಅಂದಳು.

ಅವಳ ಮಾತು ಮುಗಿಯುವುದರೊಳಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಸ್ಪೀಕರ್ ಒತ್ತಿದೆ.

"ಇದು ಸೀಟಿನ ಅಂಗಡಿಯಾ? ನಾನು ಆಂಬುಲೆನ್ಸ್ ಡ್ರೈವರ್. ಇಲ್ಲೊಂದು ಬೈಕ್ ಮೋರಿ ಕಟ್ಟೆಗೆ ಹೊಡೆದಿದೆ. ಸವಾರರಿಗೆ ಮಾತಾಡೋಕೆ ಆಗ್ತಿಲ್ಲ, ಅವರ ಫೋನ್ ಚೂರಾಗಿದೆ. ಸೀಟು ಕಿತ್ತು ಬಿದ್ದಿತ್ತು. ಅದರ ಅಡಿಯಲ್ಲಿ ಒಂದು ಚೀಟಿ, ತಲೆಕೆಳಗಾಗಿ ಅಂಟಿಸಿದ್ದು. ಅದರಲ್ಲಿ ಈ ನಂಬರ್ ಇತ್ತು. ಕಂದು ಬಣ್ಣದ ಸೀಟು."

ಕಂದು ಸೀಟು ಇಬ್ಬರದೂ. ಮಲಗಿದ್ದಾರೆ ಅಂದುಕೊಂಡಿದ್ದೆವು, ಮಲಗದೆ ಹೊರಟುಬಿಟ್ಟರೇ? ಅತ್ತೆ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಎದುರುಮನೆಯವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ದಾರ" ಅಂದೆ. "ಅಣ್ಣಾ, ಸೀಟಿನ ಹೊಲಿಗೆ ನೋಡಿ. ದಾರ ಯಾವ ಬಣ್ಣ?"

"ದಾರನಾ? ತಡೀರಿ, ಮಣ್ಣಾಗಿದೆ, ಒರೆಸ್ತೀನಿ." ಅವನು ಬಟ್ಟೆಯಲ್ಲಿ ಉಜ್ಜುವ ಸದ್ದು ಕೇಳಿಸಿತು. "ಹಳದಿ."

"ಸದ್ಯ!" ಅಂದೆ.

ಬಾಯಿಂದ ಜಾರಿಬಿಟ್ಟಿತು. ತಿರುಗಿ ನೋಡಿದರೆ ಎದುರುಮನೆಯವಳು ಹಾಗೇ ನಿಂತಿದ್ದಳು. ಯಾರ ಸೀಟಿಗೆ ಯಾವ ದಾರ ಅಂತ ಅವಳಿಗೂ ಗೊತ್ತಿತ್ತು. ದಾರ ಆರಿಸಿದವಳೇ ಅವಳು. ಬೆಂಚಿನ ಮೇಲಿದ್ದ ಬಸ್ಸಿನ ಸೀಟನ್ನು ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದಳು. ಅವತ್ತಿನ ಆ ‘ಸದ್ಯ’ ಅನ್ನುವ ಮಾತು ನನ್ನನ್ನು ಈಗಲೂ ಸುಡುತ್ತದೆ.

ನಮ್ಮವರು ಎದ್ದು ಫೋನ್ ಆನ್ ಮಾಡಿದ ಮೇಲೆ ಉಳಿದದ್ದು ತಿಳಿಯಿತು. ಬಂಕಿನ ಹಿಂದಿನ ಮರದಡಿ ಇಬ್ಬರೂ ಮಲಗಲು ಹೊರಟಿದ್ದರಂತೆ. ವೆಲ್ಡಿಂಗ್ ಅಣ್ಣ ಒಂದು ಗಳಿಗೆ ಒರಗಿ ಎದ್ದು ಕೂತರಂತೆ. "ನಿನಗೆ ನಿಮ್ಮಮ್ಮ ಬರಬೇಡ ಅಂದ್ರು, ನೀನು ಮಲಗು. ನನ್ನ ಮಗಳು ಬಾಗಿಲಲ್ಲಿ ಕಾಯ್ತಿದ್ದಾಳೆ. ನಾನು ನಿಧಾನಕ್ಕೆ ಹೋಗ್ತಿರ್ತೀನಿ" ಅಂದರಂತೆ. ತಡೆಯುವಷ್ಟು ಎಚ್ಚರವೂ ನಮ್ಮವರಿಗೆ ಇರಲಿಲ್ಲ.

ರಸ್ತೆ ನೇರವಾಗಿತ್ತು. ಎದುರಿಗೆ ಗಾಡಿ ಇರಲಿಲ್ಲ, ಅಡ್ಡ ನಾಯಿಯೂ ಬರಲಿಲ್ಲ. ಬ್ರೇಕ್ ಹಾಕಿದ ಗುರುತು ಕೂಡ ರಸ್ತೆಯ ಮೇಲೆ ಇರಲಿಲ್ಲವಂತೆ. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಬಿಗಿದಿದ್ದರಿಂದ ತಲೆ ಉಳಿಯಿತು, ಜೀವ ಉಳಿಯಿತು. ಬಲಗಾಲು ಇವತ್ತಿಗೂ ಮಡಚಲು ಬರುವುದಿಲ್ಲ. ಈಗ ಕುರ್ಚಿಯ ಮೇಲೆ ಕಾಲು ಚಾಚಿಕೊಂಡೇ ವೆಲ್ಡಿಂಗ್ ಮಾಡುತ್ತಾರೆ. ಹೇಗಾಯಿತು ಅಂತ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ನಾನು ನಿದ್ದೆ ಮಾಡ್ಲೇ ಇಲ್ಲ. ಒಂದ್ಸಲ ರೆಪ್ಪೆ ಬಡಿದೆ, ಅಷ್ಟೇ."

ಅವರ ಹೆಂಡತಿಯದಾಗಲಿ ಮಗಳದಾಗಲಿ ಇದರಲ್ಲಿ ಏನೂ ತಪ್ಪಿಲ್ಲ. ನಾವೆಲ್ಲರೂ ಕೇಳುವುದನ್ನೇ ಅವರೂ ಕೇಳಿದ್ದರು.

ನಮ್ಮವರು ಅಲ್ಲಿನ ಆಸ್ಪತ್ರೆಯಲ್ಲಿ ಅಣ್ಣನ ಜೊತೆ ಉಳಿದರು, ಅತ್ತೆಯ ಆಪರೇಷನ್ನಿಗೆ ನಾನೇ ಜೊತೆಗೆ ಹೋದೆ. ಮಂಚ ಹತ್ತುವಾಗ ನನ್ನ ಕೈ ಹಿಡಿದು, "ಅವನು ಅಲ್ಲಿ ಆ ಅಣ್ಣನ ಪಕ್ಕದಲ್ಲಿ ಇರ್ಲಿ. ನನಗೆ ನೀನು ಸಾಕು" ಅಂದರು. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ‘ನೀನು ಸಾಕು’ ಅಂತ ಕೇಳಿದ್ದು ಅದೇ ಮೊದಲು.

ವೆಲ್ಡಿಂಗ್ ಅಣ್ಣನನ್ನು ಆಂಬುಲೆನ್ಸಿನಲ್ಲಿ ಊರಿಗೆ ಕರೆತಂದ ದಿನ ನಮ್ಮವರೂ ಅದರಲ್ಲೇ ಬಂದರು. ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಮಗ ಒಳಗೆ ಕಾಲಿಟ್ಟು, "ಅಮ್ಮಾ..." ಅಂದು ಬೆಂಚಿನ ಮುಂದೆ ನಿಂತರು. ಅತ್ತೆ ಎದ್ದು ಅವರ ಹಣೆ, ಕೆನ್ನೆ, ಭುಜ ಎಲ್ಲ ಮುಟ್ಟಿ ನೋಡಿದರು.

"ಈಗ ಅನ್ನು" ಅಂದರು. "‘ಬಂದೆ’ ಅಂತ ಈಗ ಅನ್ನು. ಬಂದ್ಮೇಲೆ ಅನ್ನೋ ಮಾತು ಅದು."

"ಬಂದೆ ಅಮ್ಮ" ಅಂದರು ನಮ್ಮವರು, ಮತ್ತು ಅತ್ತುಬಿಟ್ಟರು.

ಬಂಕಿನಲ್ಲಿ ಬಿಟ್ಟಿದ್ದ ಬೈಕು ಊರಿಗೆ ಬಂದ ಮರುದಿನ ಕೆಂಪು ದಾರದ ಸೀಟನ್ನು ಬಿಚ್ಚಿ ಒಂದು ಪದರ ಸ್ಪಂಜನ್ನು ಕಿತ್ತು ಎಸೆದರು. "ದೇಶ ಪೂರ್ತಿ ಸುತ್ತಿ ಕಲಿತದ್ದು ಇಷ್ಟೇ. ಓಡಿಸೋಕೆ ಎಲ್ರಿಗೂ ಬರುತ್ತೆ, ಇಳಿಯೋಕೆ ಬರಬೇಕು" ಅಂದರು. ಈಗ ದೂರದ ಪ್ರಯಾಣಕ್ಕೆ ಮೆತ್ತನೆಯ ಸೀಟು ಕೇಳಿದವರಿಗೆಲ್ಲ ಅವರ ಉತ್ತರ ಒಂದೇ: "ಆಗಾಗ ಇಳೀಬೇಕು ಅಂತ ನೆನಪಾಗೋಷ್ಟು ಗಟ್ಟಿ ಇಡ್ತೀನಿ. ಬೇಡ ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ." ಗಿರಾಕಿಗಳು ಸಿಟ್ಟಾಗುತ್ತಾರೆ. ಬಸ್ಸಕ್ಕ ಮಾತ್ರ ನಗುತ್ತಾಳೆ.

ಅಕ್ಕಂದಿರೇ, ಅಮ್ಮಂದಿರೇ, ಇದನ್ನು ಓದುತ್ತಿರುವ ಅಣ್ಣತಮ್ಮಂದಿರೇ, ನಿಮ್ಮ ಮನೆಯವರೂ ಇವತ್ತು ಯಾವುದೋ ರಸ್ತೆಯ ಮೇಲೆ ಇರಬಹುದು. ಗಾಡಿ ಓಡಿಸುತ್ತಿರುವವರಿಗೆ ಫೋನು ಮಾಡಬೇಡಿ. ಅವರೇ ನಿಲ್ಲಿಸಿ ಮಾಡಲಿ. ಮಾಡಿದಾಗ ‘ಯಾವಾಗ ಬರ್ತೀಯ’ ಅಂತ ಕೇಳಬೇಡಿ. ‘ಮಲಗಿದ್ಯಾ? ಈಗ ದಾಟಿದ ಊರು ಯಾವ್ದು?’ ಅಂತ ಕೇಳಿ. ಊರಿನ ಹೆಸರು ಬಾರದಿದ್ದರೆ, ಮಾತಿನ ನಡುವೆ ಆಕಳಿಕೆ ಬಂದರೆ, ತಿರುಗಬೇಕಾದ ತಿರುವು ತಪ್ಪಿತು ಅಂದರೆ, ಅಪಶಕುನ ಅಂದುಕೊಳ್ಳದೆ ಬಾಯಿ ತುಂಬಾ ಹೇಳಿ: ‘ಬರಬೇಡ. ಅಲ್ಲೇ ಮಲಗು.’

ಊಟ ಆರಿದರೆ ಬಿಸಿ ಮಾಡಬಹುದು. ಆಪರೇಷನ್ನಿಗೆ ಇನ್ನೊಂದು ದಿನ ಸಿಗುತ್ತದೆ. ತಡವಾಗಿ ಬಂದವರನ್ನು ಬೈಯಲಿಕ್ಕಾದರೂ ಬಂದವರು ಇರುತ್ತಾರೆ. ನಿಮ್ಮ ಮನೆಯ ಫೋನಿನಲ್ಲಿ ಗುರುತಿಲ್ಲದ ಒಬ್ಬರು ದಾರದ ಬಣ್ಣ ಹೇಳುವ ಗಳಿಗೆ ಯಾವತ್ತೂ ಬಾರದಿರಲಿ.