ಮ್ಯಾನೇಜರರ ಸಕ್ಕರೆ ಇಳಿದ ದಿನ

ಔಷಧದ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿಯ ಲೇಬಲ್ಲು, ನೋಟುಪುಸ್ತಕದ ರಟ್ಟು ಮುದ್ರಿಸುವ ಆ ಪ್ರೆಸ್ಸಿನ ಮ್ಯಾನೇಜರರಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಹೊಸ ಕನ್ನಡಕ ಮಾಡಿಸಲು ಹೋದವರನ್ನು ಕಣ್ಣಿನವರು ರಕ್ತ ಪರೀಕ್ಷೆಗೆ ಅಟ್ಟಿದ್ದರು. ಫಲಿತಾಂಶ ನೋಡಿದ ಡಾಕ್ಟರಮ್ಮ ಹತ್ತು ನಿಮಿಷ ಬಿಡಿಸಿ ಬಿಡಿಸಿ ಹೇಳಿದರು. ಮಾತ್ರೆ ಊಟಕ್ಕೆ ಮೊದಲು. ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸುವಂತಿಲ್ಲ. ಅಕಸ್ಮಾತ್ ಕೈ ನಡುಗಿ ಮೈ ಬೆವತರೆ ತಡಮಾಡದೆ ಸಕ್ಕರೆಯನ್ನೇ ಬಾಯಿಗೆ ಹಾಕಿಕೊಳ್ಳಬೇಕು. ಮ್ಯಾನೇಜರರು ಎಲ್ಲಕ್ಕೂ ಹೂಂಗುಟ್ಟಿದರು. ಆದರೆ 'ನಿಮಗೆ ಶುಗರ್ ಇದೆ' ಎಂಬ ಮೊದಲ ಮಾತಿನ ನಂತರ ಅವರ ಕಿವಿಗೆ ಏನೂ ಬಿದ್ದಿರಲಿಲ್ಲ.

ಮನೆಗೆ ಬಂದವರು ಬಟ್ಟೆ ಬದಲಿಸುವ ಮೊದಲೇ ಷಡ್ಡಕನಿಗೆ ಫೋನು ಮಾಡಿದರು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ, ಪರದೆ ಬಟ್ಟೆಯ ವ್ಯಾಪಾರಿ. ಆರು ವರ್ಷದಿಂದ ಸಕ್ಕರೆಯನ್ನು ಇಟ್ಟುಕೊಂಡವನು, ಆದರೆ ಸಕ್ಕರೆಯನ್ನು ಗೆದ್ದವನೆಂದು ಹೇಳಿಕೊಳ್ಳುತ್ತಿದ್ದ. ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಬಂದು ಕೂತು ಎರಡು ಗಂಟೆ ಉಪದೇಶ ಮಾಡಿದ. ಬಿಳಿ ಸಕ್ಕರೆ ವಿಷ, ಕಂದು ಸಕ್ಕರೆ ಔಷಧಿ. ಜೇನುತುಪ್ಪ ಹೂವಿನಿಂದ ಬಂದದ್ದಾದ್ದರಿಂದ ಅದನ್ನು ಸಕ್ಕರೆ ಎನ್ನಲಾಗದು. ಸಕ್ಕರೆ ತಿಂದವರಿಗೆ ಸಕ್ಕರೆ ಬರುತ್ತದೆ, ಕಹಿ ಕುಡಿದವರಿಂದ ಹೋಗುತ್ತದೆ, ಇಷ್ಟು ಸರಳ ಲೆಕ್ಕ ಡಾಕ್ಟರುಗಳಿಗೆ ಹೊಳೆಯುವುದಿಲ್ಲ. ರೋಗ ಎಷ್ಟಿದೆ ಎಂದು ನೋಡಲು ಯಂತ್ರವೂ ಬೇಡ, ರಾತ್ರಿ ಚಪ್ಪಲಿ ಹೊರಗೆ ಬಿಟ್ಟು ಬೆಳಿಗ್ಗೆ ಎಷ್ಟು ಇರುವೆ ಮುತ್ತಿವೆ ಎಂದು ನೋಡಿದರೆ ಸಾಕು. ಹೋಗುವ ಮುನ್ನ ಒಂದು ಚೀಲ ಒಣ ಎಲೆ ಕೊಟ್ಟು, ಅದರ ಕಷಾಯವನ್ನು ನಸುಕಿನಲ್ಲೇ ಕುಡಿಯಬೇಕೆಂದ. ನಸುಕಿನಲ್ಲಿ ಎದ್ದು ಅದನ್ನು ಕುದಿಸುವ ಕೆಲಸ ಸಹಜವಾಗಿಯೇ ಮ್ಯಾನೇಜರರ ಹೆಂಡತಿಯ ಪಾಲಿಗೆ ಬಂತು.

ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಸಕ್ಕರೆ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಆದರೆ ಮ್ಯಾನೇಜರರು ಬಿಟ್ಟದ್ದನ್ನು ಊರೆಲ್ಲ ಬಿಡಬೇಕೆನ್ನುವ ಜಾತಿಯವರು. ಹಿಂದೊಮ್ಮೆ ಸಿಗರೇಟು ಬಿಟ್ಟಾಗ ಊದುಬತ್ತಿಗೂ ನಿಷೇಧ ಹಾಕಿದ್ದರು. ಈಗ ಪ್ರೆಸ್ಸಿನೊಳಗೆ ಒಂದು ಹರಳು ಸಕ್ಕರೆಯೂ ಬರಕೂಡದೆಂದು ಆಜ್ಞೆಯಾಯಿತು. ಮುದ್ರಣಾಲಯವಾದ್ದರಿಂದ ಆಜ್ಞೆ ಎರಡು ಬಣ್ಣದಲ್ಲಿ, ದಪ್ಪ ರಟ್ಟಿನ ಮೇಲೆ ಹೊರಬಿತ್ತು. ಅವಸರದಲ್ಲಿ ಮೊದಲ ಅಕ್ಷರ ತಪ್ಪಿ 'ಅಕ್ಕರೆ ವಿಷ, ಇಂದೇ ಬಿಡಿ' ಎಂದಾಗಿತ್ತು. ಮೂವತ್ತು ವರ್ಷ ಅನುಭವದ ಪ್ರೂಫ್ ರೀಡರರು ಅದನ್ನು ನೋಡಿ ಸರಿ ಎಂದು ಸಹಿ ಹಾಕಿದ್ದರು. ಆ ಫಲಕ ಎರಡು ದಿನ ಗೋಡೆಯ ಮೇಲಿತ್ತು. ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪ್ರೆಸ್ಸಿನಲ್ಲಿ ಕಾಗದದ ರಾಶಿ ಇರುವುದರಿಂದ ಒಲೆ ಹಚ್ಚುವಂತಿರಲಿಲ್ಲ. ಎಲ್ಲರೂ ಚಹಾದಕ್ಕ ಎಂದು ಕರೆಯುತ್ತಿದ್ದ ಹೆಂಗಸು ಹಿಂದಿನ ಬೀದಿಯ ತನ್ನ ಮನೆಯಲ್ಲಿ ಚಹಾ ಮಾಡಿ, ದೊಡ್ಡ ಫ್ಲಾಸ್ಕಿನಲ್ಲಿ ತುಂಬಿ ದಿನಕ್ಕೆರಡು ಸಲ ತರುತ್ತಿದ್ದಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಲೋಟಗಳಿಗೆ ಬಗ್ಗಿಸಿ, ಒಬ್ಬೊಬ್ಬರ ಜಾಗಕ್ಕೂ ಒಯ್ದು ಕೊಡುವುದು ಅವಳ ಪದ್ಧತಿ. ಆಜ್ಞೆಯನ್ನು ಅವಳಿಗೆ ಓದಿ ಹೇಳಿದಾಗ ಅವಳು ಆಗಲಿ ಎಂದಷ್ಟೇ ಹೇಳಿ, ಮರುದಿನದಿಂದ ಮ್ಯಾನೇಜರರಿಗೆಂದು ಬೇರೆಯೊಂದು ಸಣ್ಣ ಫ್ಲಾಸ್ಕನ್ನೂ ತರತೊಡಗಿದಳು. ಬೇರೆ ಯಾಕೆ ಎಂದು ಯಾರೂ ಕೇಳಲಿಲ್ಲ. ಮ್ಯಾನೇಜರರ ಫ್ಲಾಸ್ಕು ಬೇರೆ ಇರುವುದು ಮರ್ಯಾದೆಯ ಮಾತು ಎಂದುಕೊಂಡರು.

ಒಂದು ವಾರ ಕಳೆಯುವಷ್ಟರಲ್ಲಿ ಪ್ರೆಸ್ಸಿನಲ್ಲಿ ಪವಾಡಗಳು ಶುರುವಾದವು. ಬೈಂಡರನಿಗೆ ಎಂಟು ವರ್ಷದಿಂದ ಇದ್ದ ಮೊಣಕಾಲು ನೋವು ಮಾಯವಾಯಿತು. ಅವನು ಅದನ್ನು ತೋರಿಸಲು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಪ್ರೂಫ್ ರೀಡರರಿಗೆ ಅಕ್ಷರಗಳು ಅಂಗೈ ಮೇಲಿಟ್ಟಂತೆ ನಿಚ್ಚಳವಾಗಿ ಕಾಣತೊಡಗಿದವು. ಮಷಿನ್ನಿನವನು ತನಗೀಗ ಸಿಟ್ಟೇ ಬರುವುದಿಲ್ಲವೆಂದು ಹೇಳಿಕೊಂಡ. ನಂಬದವರ ಜೊತೆ ಅದಕ್ಕಾಗಿ ಜಗಳಕ್ಕೂ ನಿಂತ. ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಹುಡುಗಿ ತನ್ನ ಕೆನ್ನೆಯ ಮೊಡವೆ ಹೋದ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮ್ಯಾನೇಜರರು ಇದನ್ನೆಲ್ಲ ಫೋನಿನಲ್ಲಿ ಷಡ್ಡಕನಿಗೆ ವರದಿ ಮಾಡುತ್ತಿದ್ದರು. ಬೇಸರದ ಸಂಗತಿಯೆಂದರೆ ಬಿಟ್ಟವರಿಗೆಲ್ಲ ಗುಣವಾಗಿ, ಕಾಯಿಲೆ ಇದ್ದ ಅವರೊಬ್ಬರಿಗೇ ಏನೂ ಆಗಿರಲಿಲ್ಲ. ಡಾಕ್ಟರಮ್ಮ ಕೊಡಿಸಿದ್ದ ರಕ್ತ ನೋಡುವ ಯಂತ್ರ ಇನ್ನೂರು, ಇನ್ನೂರ ಹತ್ತು ಎನ್ನುತ್ತಲೇ ಇತ್ತು.

ತಿಂಗಳಾಗುತ್ತ ಬಂದಾಗ ಷಡ್ಡಕ ಯೋಚಿಸಿ ಹೊಸ ಉಪಾಯ ಹೇಳಿಕೊಟ್ಟ. ಸಕ್ಕರೆ ಹೊಟ್ಟೆಯಲ್ಲಿ ಬಾಡಿಗೆಗೆ ಇರುವ ಆಸಾಮಿ ಇದ್ದಂತೆ, ಅನ್ನ ಹಾಕುವುದನ್ನು ನಿಲ್ಲಿಸಿದರೆ ತಾನಾಗಿಯೇ ಮನೆ ಖಾಲಿ ಮಾಡುತ್ತದೆ. ಮ್ಯಾನೇಜರರಿಗೆ ಇದು ಮನಸ್ಸಿಗೆ ಹಿಡಿಯಿತು. ಮಾತ್ರೆಯನ್ನು ಮಾತ್ರ ಬಿಡಲಿಲ್ಲ, ಹಣ ಕೊಟ್ಟು ತಂದದ್ದು. ಮಧ್ಯಾಹ್ನ ಮಾತ್ರೆ ನುಂಗಿ, ಊಟದ ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿ, ಬರೀ ನೀರು ಕುಡಿದರು.

ಎರಡು ದಿನ ಹೇಗೋ ನಡೆಯಿತು. ಮೂರನೆಯ ದಿನ ಬಿಸ್ಕತ್ತಿನ ಪೆಟ್ಟಿಗೆಗಳ ದೊಡ್ಡ ಕೆಲಸ ಮಷಿನ್ನಿನ ಮೇಲಿತ್ತು. ಮೂರು ಗಂಟೆಯ ಹೊತ್ತಿಗೆ ಮ್ಯಾನೇಜರರು ಕೆಳಗಿಳಿದು ಬಂದು ಒಂದು ಹಾಳೆ ಎತ್ತಿ ನೋಡಿ, ಕೆಂಪು ಯಾಕೆ ಇಷ್ಟು ಗಾಢವಾಗಿದೆ ಎಂದು ಗದರಿದರು. ಹಾಳೆಯಲ್ಲಿ ಕೆಂಪೇ ಇರಲಿಲ್ಲ. ಮಷಿನ್ನಿನವನು ಅದನ್ನು ಹೇಳಿದ್ದಕ್ಕೆ ಅವರು ಏನೋ ಉತ್ತರ ಕೊಟ್ಟರು, ಮಾತು ಮಾತಿಗೆ ಅಂಟಿಕೊಂಡು ಯಾರಿಗೂ ಅರ್ಥವಾಗಲಿಲ್ಲ. ಅಂಗಿ ಬೆನ್ನಿಗೆ ಕಚ್ಚಿಕೊಂಡಿತ್ತು. ಹಾಳೆ ಹಿಡಿದ ಕೈ ಪಟಪಟ ನಡುಗುತ್ತಿತ್ತು. ಕಟ್ಟು ಬಿಚ್ಚದ ಕಾಗದದ ಅಟ್ಟಿಯ ಮೇಲೆ ಕುಸಿದು ಕೂತರು.

ಮಷಿನ್ನು ನಿಂತಿತು, ಎಲ್ಲರೂ ಸೇರಿದರು. ಹುಡುಗಿ ಓಡಿಹೋಗಿ ಮ್ಯಾನೇಜರರ ಡ್ರಾಯರಿನಿಂದ ರಕ್ತ ನೋಡುವ ಯಂತ್ರ ತಂದಳು. ಸೂಜಿಯ ಕೆಲಸ ಎಂದು ಬೈಂಡರನೇ ಬೆರಳು ಚುಚ್ಚಿದ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ನಲವತ್ತೆಂಟು ಎಂದು ತೋರಿಸಿತು.

"ಮೊನ್ನೆ ಇನ್ನೂರ ಹತ್ತಿತ್ತಲ್ಲ ಸಾರ್," ಎಂದ ಬೈಂಡರ್. "ಇವತ್ತು ಬರೀ ನಲವತ್ತೆಂಟು. ಗೆದ್ದುಬಿಟ್ರಿ ನೀವು."

ಪ್ರೂಫ್ ರೀಡರರು ಅಂಕಿಯನ್ನು ಎರಡು ಸಲ ಪರಿಶೀಲಿಸಿ, ತಪ್ಪಿಲ್ಲವೆಂದು ದೃಢಪಡಿಸಿದರು. ಬೈಂಡರ್ ಮ್ಯಾನೇಜರರ ಕೈ ಕುಲುಕಿದ. ಆ ಕೈ ನೀರಿನಿಂದ ತೆಗೆದಂತೆ ತಣ್ಣಗೆ ಒದ್ದೆಯಾಗಿತ್ತು. ಸಕ್ಕರೆ ಮೈ ಬಿಟ್ಟು ಹೋಗುವಾಗ ಬೆವರಿನಲ್ಲೇ ಹೋಗುತ್ತದೆ ಎಂದು ಮಷಿನ್ನಿನವನು ವಿವರಿಸಿದ. ಹುಡುಗಿಗೆ ಮಾತ್ರ ಅನುಮಾನ ಬಂತು, ಗೆದ್ದವರ ಮುಖ ಹೀಗಿರುತ್ತದೆಯೇ ಎಂದು. ಅವಳ ಒತ್ತಾಯಕ್ಕೆ ಷಡ್ಡಕನಿಗೆ ಫೋನು ಹೋಯಿತು. ಅವನು ಸಂತೋಷದಿಂದ, ಇಂಥ ಹೊತ್ತಿನಲ್ಲೇ ಎಚ್ಚರ ಬೇಕು, ಯಾವ ಕಾರಣಕ್ಕೂ ಸಿಹಿ ಹತ್ತಿರ ಸುಳಿಯಕೂಡದು ಎಂದು ಹೇಳಿ ಗಿರಾಕಿ ಬಂದರೆಂದು ಫೋನಿಟ್ಟ.

ಚಹಾದಕ್ಕ ಎರಡು ಫ್ಲಾಸ್ಕು ಹಿಡಿದು ಒಳಗೆ ಬಂದದ್ದು ಆಗಲೇ. ಗುಂಪು ಸರಿಸಿ ಮ್ಯಾನೇಜರರ ಹಣೆ ಮುಟ್ಟಿ ನೋಡಿದಳು. ಊಟ ಮಾಡಿದ್ದಾರೆಯೇ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಯಂತ್ರದ ಅಂಕಿ ಕೇಳಿದವಳೇ ಸಣ್ಣ ಫ್ಲಾಸ್ಕನ್ನು ಬದಿಗಿಟ್ಟು ದೊಡ್ಡದರ ಮುಚ್ಚಳ ತಿರುಗಿಸಿದಳು.

"ಅಕ್ಕ, ಸಕ್ಕರೆ ಕೊಡಬಾರ್ದಂತೆ," ಎಂದು ಬೈಂಡರ್ ಅವಳ ಕೈ ಹಿಡಿದ. ಹಿಡಿದ ಮೇಲೆ, ದೊಡ್ಡ ಫ್ಲಾಸ್ಕಿನಲ್ಲಿ ಸಕ್ಕರೆ ಇದೆಯೆಂದು ತನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರಬಹುದೆಂದು ಹೊಳೆದು ಸುಮ್ಮನಾದ.

"ಕೈ ಬಿಡಪ್ಪ," ಎಂದಳು ಅವಳು. "ಇದರಲ್ಲಿ ಸಕ್ಕರೆ ಇದೆ. ತಿಂಗಳಿಂದ ದಿನಾ ಇದೆ. ನಮ್ಮತ್ತೆಗೆ ಎಂಟು ವರ್ಷ ಇಂಜೆಕ್ಷನ್ ಚುಚ್ಚಿದೋಳು ನಾನು. ಏರಿದ್ದು ವರ್ಷಗಟ್ಟಲೆ ತಿನ್ನತ್ತೆ, ಇಳಿದದ್ದು ಗಳಿಗೇಲಿ ತಿನ್ನತ್ತೆ."

ಎರಡು ಲೋಟಗಳ ನಡುವೆ ಎತ್ತಿ ಹೊಯ್ದು ಆರಿಸಿ, ಮ್ಯಾನೇಜರರ ಬೆನ್ನಿಗೆ ಕೈ ಕೊಟ್ಟು, ಗುಟುಕು ಗುಟುಕಾಗಿ ಎರಡು ಲೋಟ ಕುಡಿಸಿದಳು. ಅವರು ಮಗುವಿನಂತೆ ಕುಡಿದರು. ಕಾಲು ಗಂಟೆಯಾದ ಮೇಲೆ ಯಂತ್ರ ಎಂಬತ್ತಾರು ತೋರಿಸಿತು. ಆಮೇಲೆ ಊಟದ ಡಬ್ಬಿ ತರಿಸಿ, ಕೊನೆಯ ತುತ್ತಿನವರೆಗೆ ಎದುರಿಗೆ ನಿಂತಳು.

ಕಣ್ಣು ತಿಳಿಯಾದಾಗ ಮ್ಯಾನೇಜರರು ಒಬ್ಬೊಬ್ಬರ ಮುಖವನ್ನೇ ನೋಡಿದರು. ಎಲ್ಲರ ಕಣ್ಣೂ ನೆಲದ ಮೇಲಿತ್ತು. ಚಹಾದಕ್ಕ ಮುಚ್ಚುಮರೆ ಮಾಡಲಿಲ್ಲ. ಆಜ್ಞೆಯಾದ ಮೊದಲ ದಿನ ಸಪ್ಪೆ ಚಹಾವನ್ನೇ ತಂದಿದ್ದಳು. ಲೋಟ ತೊಳೆಯುವಾಗ ನೋಡಿದರೆ ಒಬ್ಬರೂ ಅರ್ಧಕ್ಕಿಂತ ಹೆಚ್ಚು ಕುಡಿದಿರಲಿಲ್ಲ. ಕಾಯಿಲೆ ಒಬ್ಬರಿಗೆ, ಪಥ್ಯ ಎಲ್ಲರಿಗೆ ಯಾಕೆ ಎಂದು ಮರುದಿನದಿಂದ ಮೊದಲಿನಂತೆಯೇ ಮಾಡಿದಳು. ಯಾರೂ ಏನೂ ಅನ್ನದ್ದರಿಂದ ಎಲ್ಲರಿಗೂ ಒಪ್ಪಿಗೆ ಇದೆ ಎಂದುಕೊಂಡಿದ್ದಳು.

ಆದರೆ ನಡೆದದ್ದು ಬೇರೆ. ಪ್ರತಿಯೊಬ್ಬರೂ ಚಹಾದಕ್ಕನಿಗೆ ತನ್ನೊಬ್ಬನ ಮೇಲೆ ಮಾತ್ರ ವಿಶೇಷ ಕರುಣೆ ಇದೆ, ಉಳಿದವರೆಲ್ಲ ಪಾಪ ಸಪ್ಪೆ ಕುಡಿಯುತ್ತಿದ್ದಾರೆ ಎಂದು ನಂಬಿದ್ದರು. ಆ ಗುಟ್ಟನ್ನು ಕಾಪಾಡುವುದಕ್ಕಾಗಿ ಸಕ್ಕರೆ ಬಿಟ್ಟದ್ದರ ಗುಣಗಾನವನ್ನು ಉಳಿದವರಿಗಿಂತ ಒಂದು ಕೈ ಮೇಲಾಗಿಯೇ ಮಾಡಿದ್ದರು. ವಿಚಿತ್ರವೆಂದರೆ ಬೈಂಡರನ ಮೊಣಕಾಲು ನಿಜಕ್ಕೂ ನೋಯುವುದು ನಿಂತಿತ್ತು. ಫ್ಲಾಸ್ಕಿನ ವಿಷಯ ಹೊರಬಿದ್ದ ಅರ್ಧ ಗಂಟೆಗೆ ಅದು ಮತ್ತೆ ನೋಯತೊಡಗಿತು. ಅವನು ಅಂದು ಮನೆಗೆ ಹೊರಟಾಗ ಮೆಟ್ಟಿಲಿಗೆ ಒಂದೊಂದೇ ಹೆಜ್ಜೆ ಇಟ್ಟು ಇಳಿದ.

ಸಂಜೆ ಷಡ್ಡಕ ಮ್ಯಾನೇಜರರ ಮನೆಗೆ ಅಭಿನಂದಿಸಲು ಬಂದ. ನಡೆದದ್ದನ್ನೆಲ್ಲ ಕೇಳಿಯೂ ಅವನ ಉತ್ಸಾಹ ಕುಂದಲಿಲ್ಲ. ಕಷಾಯದ ಶಕ್ತಿ ಎಷ್ಟೆಂದು ಈಗಲಾದರೂ ಗೊತ್ತಾಯಿತಲ್ಲ, ಅದು ಸಕ್ಕರೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಇಳಿಸಿದೆ, ನಾಳೆಯಿಂದ ಎಲೆ ಸ್ವಲ್ಪ ಕಡಿಮೆ ಹಾಕಿದರಾಯಿತು ಎಂದ. ಬಾಗಿಲಿಗೆ ಒರಗಿ ನಿಂತಿದ್ದ ಮ್ಯಾನೇಜರರ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು.

"ಭಾವ, ನೀವು ಎಷ್ಟು ದಿನ ಊಟ ಬಿಟ್ಟಿದ್ರಿ?"

"ನಾನೆಲ್ಲಿ ಬಿಡ್ತೀನಮ್ಮ," ಎಂದ ಷಡ್ಡಕ. "ಹೊಟ್ಟೆ ಖಾಲಿ ಇದ್ರೆ ನನಗೆ ಗ್ಯಾಸ್ ಆಗತ್ತೆ."

ಆಕೆ ಒಳಗೆ ಹೋಗಿ ಎಲೆಯ ಚೀಲ ತಂದು ಅವನ ತೊಡೆಯ ಮೇಲಿಟ್ಟಳು. ಅಕ್ಕನಿಗೆ ಬೆಳಿಗ್ಗೆ ಬೇಗ ಎದ್ದು ಅಭ್ಯಾಸವಿದೆಯೇ ಎಂದು ವಿಚಾರಿಸಿದಳು. ಷಡ್ಡಕ ಚಹಾ ಕುಡಿಯದೆ ಹೊರಟ.

ಮರುದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ಬೈಯಲಿಲ್ಲ. ಮೊದಲ ಸಲ ಹೇಳಿದ್ದನ್ನೇ ಮತ್ತೆ ಹೇಳಿದರು, ಈ ಸಲ ಹೆಂಡತಿ ಚೀಟಿಯ ಹಿಂದೆ ಬರೆದುಕೊಂಡಳು. ಜೇನುತುಪ್ಪವೂ ಸಕ್ಕರೆಯೇ, ಕಂದು ಸಕ್ಕರೆಯೂ ಸಕ್ಕರೆಯೇ. ಸಿಹಿ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ, ತಂದೆ ತಾಯಿಗೆ ಇದ್ದರೆ ಇನ್ನೂ ಸುಲಭವಾಗಿ ಬರುತ್ತದೆ. ಇರುವೆಯ ವಿಷಯ ಕೇಳಿದಾಗ ಮಾತ್ರ ತಲೆ ತಗ್ಗಿಸಿ ನಗು ಮರೆಸಿಕೊಂಡರು. ಇನ್ನೇನಾದರೂ ಕೇಳುವುದಿದೆಯೇ ಎಂದಾಗ ಹೆಂಡತಿ ಏಳಲು ಹೊರಟಳು, ಮ್ಯಾನೇಜರರು ಏಳಲಿಲ್ಲ.

"ನನ್ನ ಕಾಲು ತೆಗೀಬೇಕಾಗತ್ತಾ ಡಾಕ್ಟ್ರೇ?" ಎಂದರು. ತಮ್ಮ ಕಾಲನ್ನೇ ನೋಡುತ್ತ, "ನಮ್ಮಪ್ಪಂದು ತೆಗೆದಿದ್ರು. ಶುಗರಿಂದ," ಎಂದರು.

ಹೆಂಡತಿ ಗಂಡನ ಕಡೆ ತಿರುಗಿ ನೋಡಿದಳು. ಮಾವನ ಕಾಲು ಲಾರಿಗೆ ಸಿಕ್ಕಿ ಹೋದದ್ದೆಂದು ಮದುವೆಗೆ ಮೊದಲೇ ಅವಳಿಗೆ ಹೇಳಿದ್ದರು. ಸಕ್ಕರೆ ಇರುವ ಮನೆತನವೆಂದರೆ ಹೆಣ್ಣು ಸಿಗುವುದಿಲ್ಲವೆಂದು ಮನೆಯ ಹಿರಿಯರು ಆ ಲಾರಿಯನ್ನು ತಂದಿದ್ದರು. ಅಪ್ಪನ ಕಾಲು ಹೋದಾಗ ಮ್ಯಾನೇಜರರಿಗೆ ಇಪ್ಪತ್ತು ವರ್ಷ. ಆಗಿನಿಂದ, ತಮಗೇ ಬರುವವರೆಗೆ, ಅವರು ಈ ಕಾಯಿಲೆಯ ಹೆಸರನ್ನು ಒಮ್ಮೆಯೂ ಮನೆಯಲ್ಲಿ ಎತ್ತಿರಲಿಲ್ಲ.

ಡಾಕ್ಟರಮ್ಮ ಶೂ, ಕಾಲುಚೀಲ ತೆಗೆಯಲು ಹೇಳಿದರು. ಎಡಗಾಲಿನ ಚೀಲದಲ್ಲಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಕಣ್ಣು ಮುಚ್ಚಿಸಿ, ಒಂದು ಸಣ್ಣ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತ, ಗೊತ್ತಾದಾಗ ಹೇಳಿ ಎಂದರು. ಮ್ಯಾನೇಜರರು ಮೊದಲ ಸಲ ಹೂಂ ಎಂದರು, ಎರಡನೆಯ ಸಲವೂ ಹೂಂ ಎಂದರು, ಮೂರನೆಯ ಸಲ ಕಚಗುಳಿ ತಡೆಯಲಾರದೆ ಕಾಲು ಎಳೆದುಕೊಂಡು ನಕ್ಕುಬಿಟ್ಟರು. ಕಾಲು ಚೆನ್ನಾಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾತ್ರೆ ಇದ್ದು, ದಿನಾ ಕಾಲು ನೋಡಿಕೊಂಡರೆ ಚೆನ್ನಾಗಿಯೇ ಇರಿಸಿಕೊಳ್ಳಬಹುದು ಎಂದರು ಡಾಕ್ಟರಮ್ಮ. ಮ್ಯಾನೇಜರರು ಬಹಳ ಹೊತ್ತು ತೆಗೆದುಕೊಂಡು ಶೂ ದಾರ ಕಟ್ಟಿದರು.

ಬೀದಿಗೆ ಬಂದ ಮೇಲೆ ಹೆಂಡತಿ ಬಸ್ಸಿನ ನಿಲ್ದಾಣದವರೆಗೆ ಹೋಗಿ ನಿಂತಳು.

"ಇಪ್ಪತ್ತೆಂಟು ವರ್ಷ ಆ ಲಾರಿ ಡ್ರೈವರಿಗೆ ಶಾಪ ಹಾಕ್ಕೊಂಡು ಬಂದೆನಲ್ರೀ ನಾನು," ಎಂದಳು.

ಮ್ಯಾನೇಜರರು ತಮಗೆ ಹಸಿವಾಗುತ್ತಿದೆ ಎಂದರು. ಅವಳು ಗಡಿಯಾರ ನೋಡಿ, ಮಾತ್ರೆಯ ಚೀಟಿ ಬಿಚ್ಚಿ ಓದಿ, ಅವರ ತೋಳು ಹಿಡಿದು ರಸ್ತೆ ದಾಟಿಸಿ, ಎದುರಿನ ಹೋಟೆಲಿಗೆ ಕರೆದುಕೊಂಡು ಹೋದಳು.