ಶೈಲಜಾ ಹೇಳಿದ ರುಚಿ

ಎರಡು ವರ್ಷದ ಹಿಂದೆ ಬಂದ ಜ್ವರವೇನೋ ಇಳಿಯಿತು. ಆದರೆ ಉಮಾಪತಿಯ ಮೂಗಿಗೆ ವಾಸನೆ, ನಾಲಿಗೆಗೆ ರುಚಿ ಮರಳಲೇ ಇಲ್ಲ. ಹೆಂಡತಿ ಶೈಲಜಾ ಮೊದಮೊದಲು ಹಟ ಹಿಡಿದು ಎಣ್ಣೆಗಾಯಿ, ಹೋಳಿಗೆ, ಹುಳಿ ಮುಂದಾದ ಸಾರು ಎಲ್ಲ ಮಾಡಿದಳು. ಅವನು ಎಲ್ಲವನ್ನೂ ಒಂದೇ ಮುಖದಲ್ಲಿ ನುಂಗಿ ಕೈ ತೊಳೆದು ಏಳುತ್ತಿದ್ದ. ಬರಬರುತ್ತ ಅವಳಿಗೂ ಸಾಕಾಯಿತು. ಗಂಗಾವತಿಯ ಆ ಮನೆಯಲ್ಲಿ ಅಡುಗೆಯೆಂದರೆ ಒಲೆ ಹಚ್ಚುವುದು, ಆರಿಸುವುದು, ಅಷ್ಟೇ.

ಒಂದು ಸಂಜೆ ಮೈದುನ ರುದ್ರೇಶ ಬಾಟಲಿಯೊಂದನ್ನು ತಂದ. ಆನೆಗೊಂದಿಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುತ್ತಿದ್ದ ಅವನಿಗೆ ಪೋರ್ಚುಗಲ್ಲಿನ ಮುದುಕನೊಬ್ಬ ಹೊರಡುವಾಗ ಕೊಟ್ಟು ಹೋದದ್ದು.

"ವೈನಿ, ಇದು ಟಾನಿ ಪೋರ್ಟ್ ಅಂತ, ದ್ರಾಕ್ಷಿ ಮದ್ಯ. ನಲವತ್ತು ವರ್ಷ ಕಟಗಿ ಪೀಪಾಯಿಯೊಳಗ ಇಟ್ಟಿದ್ರಂತ. ಇದರ ಘಮಕ್ಕರ ಅಣ್ಣನ ಮೂಗು ತೆರಿತೈತೇನೋ ನೋಡೂಣು."

ಮನೆಯಲ್ಲಿ ಯಾರೂ ಮದ್ಯ ಮುಟ್ಟಿದವರಲ್ಲ. ಬೇಡ ಎನ್ನಲೂ ಶೈಲಜಾಗೆ ತ್ರಾಣವಿರಲಿಲ್ಲ. ಚಹಾದ ಗ್ಲಾಸು ತಂದಿಟ್ಟಳು. ಹಳೆಯ ತಾಮ್ರದ ಬಣ್ಣದ ಮದ್ಯ ಅದರ ತಳಕ್ಕಿಳಿಯಿತು.

ಉಮಾಪತಿ ಗುಟುಕರಿಸಿದ. "ಗಂಟಲು ಬೆಚ್ಚಗಾತು. ಮತ್ತೇನಿಲ್ಲ."

ರುದ್ರೇಶನ ಮುಖ ಸಣ್ಣದಾಯಿತು. ಉಮಾಪತಿ ಗ್ಲಾಸನ್ನು ಹೆಂಡತಿಯ ಕಡೆ ಸರಿಸಿದ. "ಶೈಲಾ, ನೀ ಕುಡಿದು ಹೇಳು, ಹೆಂಗೈತಿ."

ಅವಳು ಹಿಂಜರಿಯುತ್ತಲೇ ತುಟಿಗಿಟ್ಟಳು.

"ಸಿಹಿ ಐತ್ರಿ."

"ಎಂಥಾ ಸಿಹಿ?"

"ಬೆಲ್ಲದ ಪಾಕ ಇನ್ನೇನು ತಳ ಹಿಡಿಬೇಕು ಅನ್ನೂವಾಗ ಇರ್ತೈತಲ್ರಿ, ಹಂಗ. ಉತ್ತತ್ತಿ ಅಗದಂಗೂ ಆಗ್ತೈತಿ. ಕಡೀಕ ಒಂಚೂರು ಹುಳಿ."

"ಹುಣಸಿಹಣ್ಣಿಂದೇನು?"

"ಅಲ್ರಿ, ಕಿತ್ತಳಿ ಸಿಪ್ಪಿದು."

ಉಮಾಪತಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಇಷ್ಟು ಬಿಡದೆ ಅವನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಶೈಲಜಾ ಇನ್ನೊಂದು ಗುಟುಕು ಕುಡಿದು, "ಹಳೇ ಪೆಟ್ಟಿಗಿ ಮುಚ್ಚಳ ತೆಗದಂಗೂ ಐತ್ರಿ," ಎಂದಳು.

ರುದ್ರೇಶ ಹೋದ ಮೇಲೆ ಇಬ್ಬರೂ ಊಟಕ್ಕೆ ಕೂತರು. ಉಮಾಪತಿ ರೊಟ್ಟಿ ಮುರಿದವನು ಕೈ ತಡೆದ. "ಪಲ್ಯ ಹೆಂಗಾಗೇತಿ?"

ಅವಳು ಬಾಯಿಗಿಟ್ಟು ನಿಧಾನ ಅಗಿದಳು. ಉಪ್ಪೇ ಇರಲಿಲ್ಲ. ಹೀಗೆ ಎಷ್ಟು ದಿನದಿಂದ ಉಣ್ಣುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಉಪ್ಪು ಹಾಕೇ ಇಲ್ರಿ," ಎಂದಳು. ಏಳಲು ನೆಲಕ್ಕೆ ಕೈಯೂರಿದಳು.

"ಕುಂದ್ರು," ಎನ್ನುತ್ತ ಉಮಾಪತಿಯೇ ಎದ್ದ. ಅಡುಗೆಮನೆಯಲ್ಲಿ ಡಬ್ಬಿಗಳ ಸಪ್ಪಳವಾಯಿತು. "ಎಲ್ಲಿಟ್ಟೀ?"

"ಒಲಿ ಬಾಜೂಕ ನೋಡ್ರಿ," ಎಂದು ಶೈಲಜಾ ಗೋಡೆಗೆ ಒರಗಿ ಕೂತಳು.