ಬರೆದದ್ದನ್ನು ಓದಿ ಹೇಳಿ, ಸ್ವಾಮಿ

ಗೌನಿಪಲ್ಲಿ ಕಡೆಯ ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರಿಗೆ ಒಂದೇ ಬಾವಿ ಇದ್ದರೆ ಬೇಸಿಗೆಯಲ್ಲಿ ಜಗಳ ಇದ್ದೇ ಇರುತ್ತದೆ. ಮುನಿಯಲ್ಲಮ್ಮನ ಗಂಡ ತೀರಿಕೊಂಡ ಮೇಲೆ ಗಂಡನ ಅಣ್ಣ, ಬಾವ ಗಂಗುಲಪ್ಪ ಅವಳ ಸರದಿಯ ನೀರು ನಿಲ್ಲಿಸಿದ. ಹಿಪ್ಪುನೇರಳೆ ಒಣಗುತ್ತಿತ್ತು. ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪಿಲ್ಲ. ಅವಳೇ ಹೋಗಿ ಪಂಪು ಹಾಕಿದಳು. ಅವನು ಗುದ್ದಲಿ ಕಾವಿನಿಂದ ಹೊಡೆದ. ಮುರಿದ ಎಡಗೈ ಕೂಡಿಕೊಂಡಿತು, ಆದರೆ ಮೊಣಕೈ ಇವತ್ತಿಗೂ ಮಡಚುವುದಿಲ್ಲ.

ಪೊಲೀಸರು ಕೇಸು ಹಾಕಿದರು. ಎರಡು ವರ್ಷ ಕಳೆದು, ೧೯೮೩ರಲ್ಲಿ, ಸಾಕ್ಷಿ ಹೇಳಲು ಸಮನ್ಸು ಬಂತು. ಕೇಸು ವಜಾ ಆದ ದಿನವೇ ಅವಳನ್ನು ಮನೆಯಿಂದ ಹೊರಗೆ ಹಾಕುತ್ತೇನೆಂದು ಗಂಗುಲಪ್ಪ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ.

ಮುನಿಯಲ್ಲಮ್ಮನ ಅಣ್ಣ ಮುನಿರಾಮಪ್ಪನೂ ಸಾಕ್ಷಿಯೇ. ಅವನಿಗೆ ಕೋರ್ಟೆಂದರೆ ಒಂದೇ ತಿಳಿವಳಿಕೆ. ದೊಡ್ಡವರು ಬರೆದುಕೊಳ್ಳುತ್ತಾರೆ, ನಾವು ಹೆಬ್ಬೆಟ್ಟು ಒತ್ತಿ ಬಸ್ಸು ಹಿಡಿಯುವುದು ಎನ್ನುತ್ತಿದ್ದ.

ಪಕ್ಕದ ಮನೆಯ ಅನಸೂಯಮ್ಮನಿಗೆ ಈ ಮಾತು ಕೇಳಿ ಮೈಯೆಲ್ಲ ಉರಿಯಿತು. ಅವಳು ಒಂದು ಮಾವಿನ ತೋಪನ್ನೇ ಕಳೆದುಕೊಂಡವಳು. ತೋಪು ನೆಟ್ಟದ್ದು ತನ್ನ ಮಾವ ಎಂದು ಕೋರ್ಟಿನಲ್ಲಿ ಹೇಳಿದ್ದಳು. ಕಾಗದದಲ್ಲಿ ‘ಯಾರು ನೆಟ್ಟರೋ ತಿಳಿಯದು’ ಎಂದಿತ್ತು. ಅದು ಗೊತ್ತಾಗಿದ್ದು ಅಪೀಲಿಗೆ ಹೋದಾಗ, ಕೋಲಾರದ ವಕೀಲರೊಬ್ಬರು ಓದಿ ಹೇಳಿದ ಮೇಲೆ. ಹೆಬ್ಬೆಟ್ಟು ನಿಮ್ಮದೇ ತಾನೇ ಎಂದು ಕೇಳಿದರೆ ಏನು ಹೇಳುವುದು?

“ಮುನೆಲ್ಲಮ್ಮ, ಬರ್ಕೊಂಡಿದ್ದನ್ನ ಓದಿ ಹೇಳಿ ಅಂತ ಕೇಳು. ಇಂಗ್ಲಿಷಲ್ಲಿದ್ರೆ ನಮ್ಮ ಮಾತಲ್ಲಿ ಹೇಳ್ಬೇಕು. ಅದು ಕಾನೂನು, ಯಾರೋ ಕೊಡೋ ಭಿಕ್ಷೆ ಅಲ್ಲ.”

“ಊರುಕೋ, ಸುಮ್ನಿರು ಅಕ್ಕ,” ಎಂದ ಮುನಿರಾಮಪ್ಪ. “ಜಡ್ಜಿನ ಮುಂದೆ ಇವಳು ಪಂಡಿತಳಾಗ್ತಾಳಾ?”

“ನೀನು ಸಂತೇಲಿ ಹಸು ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡಲ್ವೇನೋ?”

ಕೋರ್ಟಿನಲ್ಲಿ ಮುನಿರಾಮಪ್ಪನನ್ನು ಹೊರಗೆ ಕೂರಿಸಿದರು. ಒಬ್ಬ ಸಾಕ್ಷಿ ಹೇಳುವುದನ್ನು ಮುಂದಿನವನು ಕೇಳಬಾರದು. ಮುನಿಯಲ್ಲಮ್ಮ ಕಟಕಟೆ ಹತ್ತಿದಳು. ಹೊಡೆದವರು ಯಾರೆಂದು ಸರ್ಕಾರಿ ವಕೀಲರು ಕೇಳಿದರು. ಎದುರಿಗೇ ಬಾವ ನಿಂತಿದ್ದ. ಅವರ ಮನೆತನದಲ್ಲಿ ಹೆಂಗಸರು ಬಾವನ ಹೆಸರು ಎತ್ತುವುದಿಲ್ಲ, ಮುಖ ಕೊಟ್ಟು ನೋಡುವುದೂ ಇಲ್ಲ. ಅವಳು ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗಿ, “ಅವರೇ,” ಎಂದಳು. ಎರಡನೇ ಸಲ ಕೇಳಿದರೂ ಅಷ್ಟೇ. ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಟೈಪು ಯಂತ್ರ ಕಟಕಟ ಎಂದಿತು. ಯಾಕೆ ತಿರುಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಗುಮಾಸ್ತ ಕಾಗದ ತಂದು, “ಒತ್ತು, ಬೇಗ,” ಎಂದ.

ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. “ಓದಿ ಹೇಳಿ ಸ್ವಾಮಿ.”

“ನಿನಗೆ ಇಂಗ್ಲಿಷ್ ಬರುತ್ತೇನಮ್ಮ?”

“ಬರಲ್ಲ. ಅದಕ್ಕೇ ಕೇಳಿದ್ದು.”

ಗಂಗುಲಪ್ಪನ ವಕೀಲ ನಕ್ಕ. ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು. ಆದರೆ ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ಗುಮಾಸ್ತ ಕನ್ನಡದಲ್ಲಿ ಹೇಳುತ್ತ ಬಂದ: “ಹೊಡೆದವರು ಯಾರೆಂದು ಸಾಕ್ಷಿ ಗುರುತಿಸಲಿಲ್ಲ.”

“ನಾನು ಹಂಗೆ ಹೇಳ್ಲಿಲ್ಲ. ಬಾವನ ಹೆಸರು ನಾವು ಎತ್ತಲ್ಲ, ಅಷ್ಟೇ.”

ಇಲ್ಲಿ ಎತ್ತಬೇಕಾಗುತ್ತದೆ ಎಂದರು ಮ್ಯಾಜಿಸ್ಟ್ರೇಟರು, ಈ ಸಲ ಕನ್ನಡದಲ್ಲಿ, ಸ್ವಲ್ಪ ಮೆತ್ತಗೆ. ಅವಳು ಸೆರಗು ಸರಿಸಿದಳು. ನೆಟ್ಟಗೆ ತಿರುಗಿ ಬಲಗೈ ಚಾಚಿದಳು. “ಗಂಗುಲಪ್ಪ. ಅಲ್ಲಿ ನಿಂತವ್ರೆ. ಗುದ್ದಲಿ ಕಾವಲ್ಲಿ ಹೊಡೆದ್ರು.”

ಗಂಗುಲಪ್ಪನ ವಕೀಲ ಎದ್ದು, ಇದೆಲ್ಲ ಯಾರು ಹೇಳಿಕೊಟ್ಟದ್ದೆಂದು ಗದರಿದ.

“ಓದಿ ಹೇಳಿ ಅಂತ ಕೇಳೋದನ್ನ ಅನಸೂಯಕ್ಕ ಹೇಳ್ಕೊಟ್ಟಳು. ಕೈ ಮುರಿದಿದ್ದನ್ನ ಯಾರೂ ಹೇಳ್ಕೊಡ್ಲಿಲ್ಲ.”

ಅವಳ ತಕರಾರೂ ಅವಳ ಮಾತೂ ಕಾಗದಕ್ಕೆ ಬಿದ್ದವು. ಮತ್ತೊಮ್ಮೆ ಓದಿಸಿ ಕೇಳಿ ಅವಳು ಹೆಬ್ಬೆಟ್ಟು ಒತ್ತಿದಳು.

ಮುಂದಿನ ವಾಯಿದೆಗೆ ಮುನಿರಾಮಪ್ಪನ ಸರದಿ. ಹೊರಗೆ ಬಂದವನು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತ. ಅಲ್ಲಿ ಕಾಯುತ್ತಿದ್ದ ಅನಸೂಯಮ್ಮನಿಗೆ ಹೇಳಿದ: “ನಾನೂ ಓದಿಸ್ದೆ ಅಕ್ಕ. ಎಡಗೈ ಅಂದಿದ್ದೆ, ಬಲಗೈ ಅಂತ ಬರೆದಿದ್ರು.”

ಓದುಗರೇ, ನಿಮ್ಮನ್ನೂ ಒಂದು ದಿನ ಸಾಕ್ಷಿಗೆ ಕರೆಯಬಹುದು. ಗೊತ್ತಿದ್ದಷ್ಟೇ ಹೇಳಿ. ಹೆಸರು ಹೇಳುವ ಕಡೆ ಹೆಸರು ಹೇಳಿ, ತೋರಿಸುವ ಕಡೆ ಕೈ ಚಾಚಿ ತೋರಿಸಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ನಿಮ್ಮ ಮಾತನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ವಕೀಲರೇ, ನ್ಯಾಯಾಧೀಶರೇ, ಈ ಕರಪತ್ರ ನಿಮ್ಮ ಮೇಜಿಗೂ ಬರುತ್ತದೆ. ಒಬ್ಬ ಹೆಂಗಸನ್ನು ಎರಡು ವರ್ಷ ಕಾಯಿಸುವುದಕ್ಕೆ ನಿಮಗೆ ಸಮಯವಿತ್ತು. ಅವಳ ಮಾತನ್ನು ಅವಳಿಗೇ ಓದಿ ಹೇಳಲು ಬೇಕಾದದ್ದು ಹತ್ತು ನಿಮಿಷ. ಅವಳು ಕೇಳುವ ಮೊದಲೇ ಓದಿ.